ಹೋಪ್ಫ್ ಆಲ್ಜಿಬ್ರಾ ಆಡಿಸಿದಾಗ ಕದಲದೆ ಉಳಿಯುವುದೆಷ್ಟು?

ಪ್ರಶ್ನೆ: ನಾನು ಕೊಣಾಜೆಯಲ್ಲಿ ಎಂಎಸ್ಸಿ ಗಣಿತ ಎರಡನೇ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ "ಪಾಲಿನಾಮಿಯಲ್ ಐಡೆಂಟಿಟಿ ಇರುವ ಆಲ್ಜಿಬ್ರಾಗಳ ಮೇಲೆ ಹೋಪ್ಫ್ ಆಲ್ಜಿಬ್ರಾ ಆಕ್ಷನ್, ಅದರ ಇನ್ವೇರಿಯಂಟ್‌ಗಳು" ಎನ್ನುವ ವಿಷಯ ಸಿಕ್ಕಿದೆ. ಗ್ರೂಪ್ ಆಕ್ಷನ್ ನನಗೆ ಗೊತ್ತು ಸರ್. ಗ್ರೂಪ್ ಇರುವಾಗ ಹೋಪ್ಫ್ ಆಲ್ಜಿಬ್ರಾ ಯಾಕೆ ಬೇಕು? ಐಡೆಂಟಿಟಿಯ ಷರತ್ತು ಎಲ್ಲಿ ಕೆಲಸಕ್ಕೆ ಬರುತ್ತದೆ? ಇಡೀ ಆಲ್ಜಿಬ್ರಾ ತನ್ನ ಇನ್ವೇರಿಯಂಟ್‌ಗಳ ಮೇಲೆ ಯಾವಾಗಲೂ ಇಂಟೆಗ್ರಲ್ ಆಗಿರುತ್ತದಾ?
— ಒಬ್ಬ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಮೂರನೇ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಯಾವಾಗಲೂ ಆಗಿರುವುದಿಲ್ಲ. ಕಮ್ಯುಟೇಟಿವ್ ಆಲ್ಜಿಬ್ರಾದಲ್ಲೇ (ಗುಣಾಕಾರದ ಕ್ರಮ ಬದಲಿಸಿದರೂ ಉತ್ತರ ಬದಲಾಗದ ಕಡೆಯೇ), ಬರೀ ನಾಲ್ಕು ಡೈಮೆನ್ಷನ್‌ನ ಹೋಪ್ಫ್ ಆಲ್ಜಿಬ್ರಾ ಸಾಕು ಇದನ್ನು ಕೆಡಿಸುವುದಕ್ಕೆ. ಆ ಉದಾಹರಣೆಯನ್ನು ಕೆಳಗೆ ಪೂರ್ತಿ ಬಿಡಿಸಿ ತೋರಿಸುತ್ತೇನೆ. ಅದು ಎಲ್ಲಿ ಕೆಡುತ್ತದೆ ಅಂತ ಕಂಡರೆ ಪ್ರಮೇಯಗಳಲ್ಲಿ ಆ ಷರತ್ತುಗಳು ಯಾಕೆ ಇವೆ ಎಂಬುದು ತಾನಾಗಿ ಅರ್ಥವಾಗುತ್ತದೆ. ಇಡೀ ಬರಹದಲ್ಲಿ ಚರಗಳಿಗೆ ಕನ್ನಡದ ಅಕ್ಷರಗಳನ್ನೇ ಬಳಸುತ್ತೇನೆ, ಗಮನಿಸಿ.

ನಿಮಗೆ ಗೊತ್ತಿರುವ ಗ್ರೂಪ್‌ನಿಂದ ಹೊರಡೋಣ. ಉಡುಪಿಯ ಅಷ್ಟಮಠಗಳ ಪರ್ಯಾಯ ನೋಡಿದ್ದೀರಲ್ಲ. ಎರಡೆರಡು ವರ್ಷಕ್ಕೆ ಕೃಷ್ಣಪೂಜೆಯ ಹೊಣೆ ಒಂದು ಮಠದಿಂದ ಮುಂದಿನ ಮಠಕ್ಕೆ ಹೋಗುತ್ತದೆ, 16 ವರ್ಷಕ್ಕೆ ಸುತ್ತು ಮುಗಿಯುತ್ತದೆ. ಎಂಟು ಮಠಕ್ಕೆ ಎಂಟು ಚರ ಇಟ್ಟುಕೊಳ್ಳಿ: ಕ₁, ಕ₂, … ಕ₈. ಒಂದು ಪರ್ಯಾಯ ಅಂದರೆ ಪ್ರತಿ ಚರವೂ ಒಂದು ಹೆಜ್ಜೆ ಮುಂದೆ ಹೋಗುವುದು. ಇದು ಎಂಟು ಸದಸ್ಯರ ಸೈಕ್ಲಿಕ್ ಗ್ರೂಪ್. ಯಾವ ಪಾಲಿನಾಮಿಯಲ್ ಈ ಸುತ್ತಿನಲ್ಲಿ ಬದಲಾಗುವುದಿಲ್ಲ? ಎಲ್ಲದರ ಮೊತ್ತ ಬದಲಾಗುವುದಿಲ್ಲ, ಎಲ್ಲದರ ಗುಣಲಬ್ಧವೂ ಬದಲಾಗುವುದಿಲ್ಲ. ಅಷ್ಟೇ ಅಲ್ಲ, ಕ₁ಕ₂ + ಕ₂ಕ₃ + … + ಕ₈ಕ₁ ಕೂಡ ಬದಲಾಗುವುದಿಲ್ಲ, ಯಾಕೆಂದರೆ ಸುತ್ತು ತಿರುಗಿದರೂ ನೆರೆಹೊರೆ ತಪ್ಪುವುದಿಲ್ಲ. ಒಂದನೆಯದನ್ನೂ ನಾಲ್ಕನೆಯದನ್ನೂ ಸುಮ್ನೆ ಅದಲುಬದಲು ಮಾಡಿದರೆ ಮಾತ್ರ ಇದು ಉಳಿಯುವುದಿಲ್ಲ. ಅಂದರೆ ಗ್ರೂಪ್ ಚಿಕ್ಕದಾದಷ್ಟೂ ಇನ್ವೇರಿಯಂಟ್‌ಗಳು ಜಾಸ್ತಿ.

ಇನ್ನು ಇಂಟೆಗ್ರಲ್ ವಿಷಯ. (ತ − ಕ₁)(ತ − ಕ₂)…(ತ − ಕ₈) ಎಂಬ ಗುಣಲಬ್ಧವನ್ನು ಬಿಡಿಸಿ ಬರೆಯಿರಿ. ತ⁸ರ ಗುಣಾಂಕ 1, ಉಳಿದ ಗುಣಾಂಕಗಳೆಲ್ಲ ಇನ್ವೇರಿಯಂಟ್. ಪ್ರತಿ ಕ ಅದರ ಮೂಲ. ಹೀಗೆ ಮೊದಲ ಗುಣಾಂಕ 1 ಇದ್ದು, ಉಳಿದ ಗುಣಾಂಕಗಳು ಇನ್ವೇರಿಯಂಟ್ ಆಗಿರುವ ಸಮೀಕರಣಕ್ಕೆ ಪ್ರತಿ ಅಂಶವೂ ಒಳಪಟ್ಟರೆ ಆಲ್ಜಿಬ್ರಾ ಇನ್ವೇರಿಯಂಟ್‌ಗಳ ಮೇಲೆ ಇಂಟೆಗ್ರಲ್ ಅನ್ನುತ್ತೇವೆ. ಯಾವ ಫೈನೈಟ್ ಗ್ರೂಪ್ ಆದರೂ, ಯಾವ ಅಂಶ ಆದರೂ ಇದೇ ಉಪಾಯ: ಗ್ರೂಪ್ ಅದನ್ನು ಎಲ್ಲೆಲ್ಲಿ ಒಯ್ಯುತ್ತದೋ ಅವೆಲ್ಲವನ್ನೂ ಸೇರಿಸಿ ಗುಣಿಸುವುದು. ಎಮ್ಮಿ ನೋಎಥರ್ 1916ರಲ್ಲಿ ಕ್ಯಾರಕ್ಟರಿಸ್ಟಿಕ್ ಸೊನ್ನೆಯಲ್ಲಿಯೂ (1ನ್ನು ಎಷ್ಟು ಸಲ ಕೂಡಿದರೂ ಸೊನ್ನೆ ಬಾರದ ಫೀಲ್ಡ್‌ನಲ್ಲಿ) 1926ರಲ್ಲಿ ಯಾವುದೇ ಕ್ಯಾರಕ್ಟರಿಸ್ಟಿಕ್‌ನಲ್ಲಿಯೂ ಫೈನೈಟ್ ಗ್ರೂಪ್‌ನ ಇನ್ವೇರಿಯಂಟ್‌ಗಳನ್ನು ಹುಟ್ಟಿಸಲು ಕೆಲವೇ ಅಂಶ ಸಾಕು ಎಂದು ತೋರಿಸಿದರು. ಎರಡನೆಯದರ ಬೆನ್ನೆಲುಬೇ ಈ ಇಂಟೆಗ್ರಲ್ ಗುಣ.

ಈ ಉಪಾಯ ಎರಡು ವಿಷಯಗಳನ್ನು ನಂಬಿಕೊಂಡಿದೆ. ಒಂದು, ಗುಣಾಕಾರದಲ್ಲಿ ಹಿಂದುಮುಂದು ಆದರೆ ತೊಂದರೆ ಇಲ್ಲ. ಇನ್ನೊಂದು, ಗುಣಿಸುವುದಕ್ಕೆ "ಗ್ರೂಪ್ ಒಯ್ದ ಪ್ರತಿಗಳು" ಕೈಯಲ್ಲಿವೆ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಎರಡೂ ಕೈ ಬಿಡುತ್ತವೆ. ಹೋಪ್ಫ್ ಆಲ್ಜಿಬ್ರಾ ಎರಡನೆಯದನ್ನು ಕಿತ್ತುಕೊಳ್ಳುತ್ತದೆ, ಕಮ್ಯುಟೇಟಿವ್ ಅಲ್ಲದ ಆಲ್ಜಿಬ್ರಾ ಮೊದಲನೆಯದನ್ನು.

ಹೋಪ್ಫ್ ಆಲ್ಜಿಬ್ರಾ ಅಂದರೆ ಏನು ಅಂತ ಪುಸ್ತಕದ ಮೊದಲ ಪುಟದ ಚಿತ್ರಗಳಿಂದ ಕಲಿಯಲು ಹೊರಟರೆ ಭಯ ಆಗುತ್ತದೆ. ನನ್ನ ಮಟ್ಟಿಗೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಒಂದು ಆಪರೇಟರ್‌ಗೆ ಗುಣಲಬ್ಧ ಕೊಟ್ಟರೆ ಅದು ಏನು ಮಾಡುತ್ತದೆ? ಗ್ರೂಪ್‌ನ ಸದಸ್ಯ ಗ ಆದರೆ ಗ(ಕಚ) = ಗ(ಕ)ಗ(ಚ). ಡೆರಿವೇಷನ್ ಡ ಆದರೆ ಪಿಯುಸಿಯಲ್ಲಿ ಕಲಿತ ನಿಯಮ: ಡ(ಕಚ) = ಡ(ಕ)ಚ + ಕಡ(ಚ). ಎರಡೂ ಬೇರೆ ಬೇರೆ ನಿಯಮ. ಇಂಥ ನಿಯಮವನ್ನು ಆಪರೇಟರ್‌ನ ಜತೆಗೇ ಕಟ್ಟಿಕೊಡುವುದು ಕೋಪ್ರಾಡಕ್ಟ್. "ನನಗೆ ಗುಣಲಬ್ಧ ಕೊಟ್ಟರೆ ನಾನು ಹೀಗೆ ಎರಡಾಗಿ ಹಂಚಿಕೊಂಡು ಕೆಲಸ ಮಾಡುತ್ತೇನೆ" ಎಂದು ಪ್ರತಿ ಆಪರೇಟರ್ ಅಲ್ಲಿ ಹೇಳಿಕೊಂಡಿರುತ್ತದೆ. ಇನ್ನು ಕೌನಿಟ್ ಎಂಬ ಒಂದು ಸಂಖ್ಯೆ ಉಂಟು: 1ರ ಮೇಲೆ ಆ ಆಪರೇಟರ್ ಆಡಿದರೆ ಬರುವ ಬೆಲೆ ಅದು. ಗ್ರೂಪ್‌ನ ಸದಸ್ಯನಿಗೆ 1, ಡೆರಿವೇಷನ್‌ಗೆ 0. ಒಂದು ಅಂಶದ ಮೇಲೆ ಪ್ರತಿ ಆಪರೇಟರೂ ತನ್ನ ಕೌನಿಟ್‌ನಿಂದ ಗುಣಿಸಿದಷ್ಟೇ ಮಾಡಿದರೆ ಆ ಅಂಶ ಇನ್ವೇರಿಯಂಟ್. ಆದ್ದರಿಂದ ಗ್ರೂಪ್‌ಗೆ ಇನ್ವೇರಿಯಂಟ್ ಅಂದರೆ ಕದಲದ್ದು, ಡೆರಿವೇಷನ್‌ಗೆ ಇನ್ವೇರಿಯಂಟ್ ಅಂದರೆ ಸೊನ್ನೆಯಾಗುವುದು, ಅಂದರೆ ಕಾನ್ಸ್ಟಂಟ್.

ಆಲ್ಜಿಬ್ರಾವನ್ನು ಗ್ರೂಪ್‌ನ ಸದಸ್ಯರ ಲೆಕ್ಕದಲ್ಲಿ ಭಾಗ ಮಾಡುವ ಗ್ರೇಡಿಂಗ್ ಕೂಡ ಒಂದು ಹೋಪ್ಫ್ ಆಕ್ಷನ್ನೇ. ಅಲ್ಲಿ ಇನ್ವೇರಿಯಂಟ್ ಅಂದರೆ ಗ್ರೂಪ್‌ನ ಐಡೆಂಟಿಟಿ ಸದಸ್ಯನ ಭಾಗ (ಪಾಲಿನಾಮಿಯಲ್ ಐಡೆಂಟಿಟಿ ಬೇರೆ). ನಿಮ್ಮ ಮೊದಲ ಪ್ರಶ್ನೆಗೆ ಒಂದು ಉತ್ತರ ಇಲ್ಲೇ ಸಿಕ್ಕಿತು: ಆಟೊಮಾರ್ಫಿಸಂ, ಡೆರಿವೇಷನ್, ಗ್ರೇಡಿಂಗ್ ಮೂರಕ್ಕೂ ಬೇರೆ ಬೇರೆಯಾಗಿ ಬರೆಯುತ್ತಿದ್ದ ಪ್ರಮೇಯವನ್ನು ಒಂದೇ ಸಲ ಬರೆಯಬಹುದು. ಆದರೆ ಅಷ್ಟಕ್ಕೇ ಆದರೆ ಇದು ಬರೀ ಅಚ್ಚುಕಟ್ಟುತನ. ನಿಜವಾಗಿ ಹೊಸದು ಬರುವುದು ಈ ಮೂರಕ್ಕೂ ಸೇರದ ಆಪರೇಟರ್‌ಗಳಲ್ಲಿ.

ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಸ್ವೀಡ್ಲರ್ ಹೆಸರಿನದು. ಡೈಮೆನ್ಷನ್ ನಾಲ್ಕು. ಹುಟ್ಟಿಸುವ ಅಂಶ ಎರಡು, ಗ ಮತ್ತು ಸ. ನಿಯಮಗಳು: ಗ² = 1, ಸ² = 0, ಗಸ = −ಸಗ. ಗ ಎಂಬುದು ಸಾಮಾನ್ಯ ಆಟೊಮಾರ್ಫಿಸಂ. ಸ ಮಾತ್ರ ಓರೆ ಡೆರಿವೇಷನ್: ಸ(ಕಚ) = ಸ(ಕ)ಚ + ಗ(ಕ)ಸ(ಚ). ಎಡಗಡೆಯ ಕ-ವನ್ನು ದಾಟುವಾಗ ಅದಕ್ಕೆ ಗ ತಗಲಿಸಿ ಹೋಗುತ್ತದೆ. ಕಮ್ಯುಟೇಟಿವೂ ಅಲ್ಲ, ಕೋಕಮ್ಯುಟೇಟಿವೂ (ಕೋಪ್ರಾಡಕ್ಟ್ ಹಂಚುವ ಎರಡು ಪಾಲು ಅದಲುಬದಲಾದರೂ ಒಂದೇ) ಅಲ್ಲ ಎನ್ನುವ ಹೋಪ್ಫ್ ಆಲ್ಜಿಬ್ರಾಗಳಲ್ಲಿ ಇದಕ್ಕಿಂತ ಚಿಕ್ಕದಿಲ್ಲ.

ಈಗ ಮೇಲೆ ಹೇಳಿದ ಉದಾಹರಣೆ. ಕ್ಯಾರಕ್ಟರಿಸ್ಟಿಕ್ ಸೊನ್ನೆಯ ಫೀಲ್ಡ್ ತೆಗೆದುಕೊಳ್ಳಿ. ಮ, ನ ಎಂಬ ಎರಡು ಚರಗಳ ಕಮ್ಯುಟೇಟಿವ್ ಆಲ್ಜಿಬ್ರಾ, ಜತೆಗೆ ನ² = 0 ಎಂಬ ಒಂದೇ ಷರತ್ತು. ಆಕ್ಷನ್ ಹೀಗೆ: ಗ(ಮ) = ಮ, ಗ(ನ) = −ನ, ಸ(ಮ) = ನ, ಸ(ನ) = 0. ಇದು ನಿಜಕ್ಕೂ ಆಕ್ಷನ್ ಹೌದಾ ಅಂತ ನೀವೇ ಪರೀಕ್ಷಿಸಿ. ಮನ ಮತ್ತು ನಮ ಒಂದೇ ಆದ್ದರಿಂದ ಎರಡರ ಮೇಲೂ ಸ ಒಂದೇ ಉತ್ತರ ಕೊಡಬೇಕು. ಸ(ಮನ) = ನ·ನ + ಮ·0 = 0. ಸ(ನಮ) = 0·ಮ + (−ನ)·ನ = 0. ಸರಿಯಾಯಿತು. ನ² = 0 ಆಗಿದ್ದರಿಂದಲೇ ಸರಿಯಾಯಿತು ಎಂಬುದನ್ನೂ ಗುರುತು ಹಾಕಿಕೊಳ್ಳಿ. ಸ² = 0, ಗಸ = −ಸಗ ಎರಡೂ ಹೀಗೆಯೇ ಒಂದೊಂದು ಸಾಲಿನಲ್ಲಿ ಬರುತ್ತವೆ.

ಇನ್ವೇರಿಯಂಟ್ ಯಾವುವು? ಗ-ಗೆ ಕದಲಬಾರದು ಅಂದರೆ ನ ಇರುವ ಪದ ಇರಬಾರದು. ಹಾಗಾಗಿ ಉಳಿಯುವುದು ಮ-ದ ಪಾಲಿನಾಮಿಯಲ್ ಮಾತ್ರ. ಅಂಥದ್ದರ ಮೇಲೆ ಸ ಆಡಿದರೆ ಅದರ ಡೆರಿವೇಟಿವ್ ಗುಣಿಲೆ ನ ಬರುತ್ತದೆ. ಉದಾಹರಣೆಗೆ ಸ(ಮ²) = ನಮ + ಮನ = 2ಮನ. ಇದು ಸೊನ್ನೆ ಆಗಬೇಕಾದರೆ ಡೆರಿವೇಟಿವ್ ಸೊನ್ನೆ ಆಗಬೇಕು. ಕ್ಯಾರಕ್ಟರಿಸ್ಟಿಕ್ ಸೊನ್ನೆಯಲ್ಲಿ ಹಾಗಾಗುವುದು ಬರೀ ಸಂಖ್ಯೆಗಳಿಗೆ. ಅಲ್ಲಿಗೆ ಇನ್ವೇರಿಯಂಟ್ ಅಂದರೆ ಫೀಲ್ಡ್ ಒಂದೇ! ಮ ಯಾವ ಸಂಖ್ಯಾ ಸಮೀಕರಣಕ್ಕೂ ಒಳಪಡುವುದಿಲ್ಲ. ಇಂಟೆಗ್ರಲ್ ಗುಣ ಹೋಯಿತು. ಫೈನೈಟ್ ಗ್ರೂಪ್‌ನಲ್ಲಿ ಕನಸಿನಲ್ಲೂ ನಡೆಯದ ಸಂಗತಿ ಇದು.

ಇದನ್ನೇ 2 ಅಲ್ಲದ ಅವಿಭಾಜ್ಯ ಪ ಕ್ಯಾರಕ್ಟರಿಸ್ಟಿಕ್‌ನಲ್ಲಿ ಮಾಡಿ. ಮ-ದ ಪ-ನೇ ಘಾತದ ಡೆರಿವೇಟಿವ್ ಸೊನ್ನೆ, ಹಾಗಾಗಿ ಅದು ಇನ್ವೇರಿಯಂಟ್. ಮ ಅದರ ಮೇಲೆ ಇಂಟೆಗ್ರಲ್. ಸೊನ್ನೆ ಕ್ಯಾರಕ್ಟರಿಸ್ಟಿಕ್‌ನಲ್ಲಿ ಕೆಟ್ಟದ್ದು ಇಲ್ಲಿ ಸರಿಹೋಯಿತು. ಸಾಮಾನ್ಯವಾಗಿ ಪ ಕ್ಯಾರಕ್ಟರಿಸ್ಟಿಕ್ ಅಂದರೆ ತೊಂದರೆ ಜಾಸ್ತಿ ಅಂತ ನಾವು ಹೆದರುತ್ತೇವೆ, ಇಲ್ಲಿ ಅದೇ ಕಾಪಾಡುತ್ತದೆ.

ನೋಎಥರ್ ಉಪಾಯ ಎಲ್ಲಿ ಎಡವಿತು? ಆ ಗುಣಲಬ್ಧ ನಿಜವಾಗಿ ಒಂದು ಡಿಟರ್ಮಿನೆಂಟ್. ಆಕ್ಷನ್‌ನ ಮೂಲಕ ಪ್ರತಿ ಅಂಶಕ್ಕೂ ಒಂದು ಮ್ಯಾಟ್ರಿಕ್ಸ್ ಬರೆಯಬಹುದು. ಗ್ರೂಪ್ ಆದರೆ ಅದು ಡಯಾಗನಲ್, ಡಯಾಗನಲ್ ಮೇಲೆ ಅಂಶದ ಪ್ರತಿಗಳು ಕೂತಿರುತ್ತವೆ. ಹೋಪ್ಫ್ ಆಲ್ಜಿಬ್ರಾ ಕೋಕಮ್ಯುಟೇಟಿವ್ ಇದ್ದರೆ ಈ ಡಿಟರ್ಮಿನೆಂಟ್‌ನ ಗುಣಾಂಕಗಳು ಇನ್ವೇರಿಯಂಟ್ ಆಗುತ್ತವೆ, ಹಳೆಯ ವಾದ ಹಾಗೆಯೇ ನಡೆಯುತ್ತದೆ. ನಮ್ಮ ಉದಾಹರಣೆಯಲ್ಲಿ ಮ-ಗೆ ಲೆಕ್ಕ ಹಾಕಿದರೆ ಬರುವುದು (ತ − ಮ)⁴. ಅದರಲ್ಲಿ ತ³ರ ಗುಣಾಂಕ −4ಮ ಇನ್ವೇರಿಯಂಟ್ ಅಲ್ಲ. ಅಪರಾಧಿ ನ. ಅದು ನಿಲ್ಪೊಟೆಂಟ್ (ಯಾವುದೋ ಘಾತದಲ್ಲಿ ಸೊನ್ನೆಯಾಗುವಂಥದ್ದು) ಆದ್ದರಿಂದ ಡಿಟರ್ಮಿನೆಂಟ್‌ಗೆ ಅದು ಕಾಣಿಸುವುದೇ ಇಲ್ಲ, ಆದರೆ ಸ ಅದನ್ನು ಹಿಡಿದುಕೊಂಡೇ ಆಟ ಆಡುತ್ತದೆ.

ನಿಲ್ಪೊಟೆಂಟ್ ಇಲ್ಲದಿದ್ದರೆ? ಆಗ ಕಮ್ಯುಟೇಟಿವ್ ಆಲ್ಜಿಬ್ರಾ ತನ್ನ ಇನ್ವೇರಿಯಂಟ್‌ಗಳ ಮೇಲೆ ಇಂಟೆಗ್ರಲ್. ಇದನ್ನು ತೋರಿಸಿದ್ದು ರಷ್ಯಾದ ಕಜಾನ್‌ನ ಸ್ಕ್ರ್ಯಾಬಿನ್, 2004ರಲ್ಲಿ. ಹೋಪ್ಫ್ ಆಲ್ಜಿಬ್ರಾ ಫೈನೈಟ್ ಡೈಮೆನ್ಷನ್‌ನದ್ದಾಗಿದ್ದರೆ ಸಾಕು. ಇದರ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ಫಲಿತಾಂಶ ಉಂಟು: ಆಲ್ಜಿಬ್ರಾಯಿಕಲಿ ಕ್ಲೋಸ್ಡ್, ಕ್ಯಾರಕ್ಟರಿಸ್ಟಿಕ್ ಸೊನ್ನೆಯ ಫೀಲ್ಡ್ ಮೇಲೆ ಸೆಮಿಸಿಂಪಲ್ (ಪ್ರತಿ ಮಾಡ್ಯೂಲ್ ಸಿಂಪಲ್ ತುಂಡುಗಳಾಗಿ ಒಡೆಯುವ) ಹೋಪ್ಫ್ ಆಲ್ಜಿಬ್ರಾ ಒಂದು ಕಮ್ಯುಟೇಟಿವ್ ಡೊಮೇನ್ (ಸೊನ್ನೆಯಲ್ಲದ ಎರಡನ್ನು ಗುಣಿಸಿದರೆ ಸೊನ್ನೆ ಬಾರದ್ದು) ಮೇಲೆ ಆಡಿದರೆ, ಆ ಆಟ ಒಂದು ಗ್ರೂಪ್‌ನ ಆಟವೇ. ಇದು ಎಟಿಂಗೋಫ್ ಮತ್ತು ವಾಲ್ಟನ್ ಅವರದು, 2014ರದ್ದು. ಹೊಸ ಸಿಮೆಟ್ರಿ ಬೇಕಿದ್ದರೆ ಸೆಮಿಸಿಂಪಲ್ ಷರತ್ತನ್ನು ಬಿಡಬೇಕು, ಇಲ್ಲವೇ ಕಮ್ಯುಟೇಟಿವ್ ಡೊಮೇನ್‌ಗಳನ್ನು ಬಿಟ್ಟು ಹೊರಗೆ ಹೋಗಬೇಕು.

ಹೊರಗೆ ಹೋಗೋಣ. ಚಕ = −ಕಚ ಎಂಬ ಒಂದೇ ನಿಯಮದ ಎರಡು ಚರಗಳ ಆಲ್ಜಿಬ್ರಾ ತೆಗೆದುಕೊಳ್ಳಿ. ಕ-ವನ್ನು ಚ-ಕ್ಕೆ, ಚ-ವನ್ನು ಕ-ಕ್ಕೆ ಒಯ್ಯುವ ಅದಲುಬದಲು ಇಲ್ಲಿಯೂ ಆಟೊಮಾರ್ಫಿಸಂ. ಸಾಮಾನ್ಯ ಪಾಲಿನಾಮಿಯಲ್ ಆಗಿದ್ದರೆ ಇನ್ವೇರಿಯಂಟ್‌ಗಳನ್ನು ಕ + ಚ ಮತ್ತು ಕಚ ಹುಟ್ಟಿಸುತ್ತವೆ ಎಂದು ಕಣ್ಣುಮುಚ್ಚಿ ಹೇಳುತ್ತೀರಿ. ಇಲ್ಲಿ ಕಚ ಹೋಗಿ ಚಕ ಆಗುತ್ತದೆ, ಅಂದರೆ −ಕಚ. ಇನ್ವೇರಿಯಂಟ್ ಅಲ್ಲ! (ಕ + ಚ)² ಬಿಡಿಸಿದರೆ ಅಡ್ಡ ಪದಗಳು ಒಂದನ್ನೊಂದು ಹೊಡೆದುಹಾಕಿ ಕ² + ಚ² ಉಳಿಯುತ್ತದೆ. ಎರಡನೇ ಡಿಗ್ರಿಯಲ್ಲಿ ಅಷ್ಟೇ ಇನ್ವೇರಿಯಂಟ್. ಮೂರನೇ ಡಿಗ್ರಿಗೆ ಹೋದಾಗ ಕ³ + ಚ³ ಹೊಸದಾಗಿ ಸಿಗುತ್ತದೆ. ಇನ್ವೇರಿಯಂಟ್‌ಗಳನ್ನು ಹುಟ್ಟಿಸುವುದು ಕ + ಚ ಮತ್ತು ಕ³ + ಚ³. ಗ್ರೂಪ್ ಅದೇ, ಚರ ಎರಡೇ, ಆದರೂ ಉತ್ತರ ಬೇರೆ.

ಇಂಟೆಗ್ರಲ್ ಗುಣ ಇಲ್ಲಿ ಉಳಿದಿದೆಯಾ? (ತ − ಕ)(ತ − ಚ) ಬರೆದರೆ ಪ್ರಯೋಜನ ಇಲ್ಲ, ಅದರ ಕೊನೆಯ ಗುಣಾಂಕವೇ ಕಚ. ಆದರೆ ಕ², ಚ² ಎರಡೂ ಎಲ್ಲದರ ಜತೆ ಕಮ್ಯೂಟ್ ಆಗುತ್ತವೆ, ಸೆಂಟರ್‌ನಲ್ಲಿವೆ. ಆದ್ದರಿಂದ ಕ² + ಚ² ಮತ್ತು ಕ²ಚ² ಸೆಂಟರ್‌ನೊಳಗಿನ ಇನ್ವೇರಿಯಂಟ್‌ಗಳು. ಈಗ ತ⁴ − (ಕ² + ಚ²)ತ² + ಕ²ಚ² = 0 ಎಂಬ ಸಮೀಕರಣದಲ್ಲಿ ತ ಜಾಗಕ್ಕೆ ಕ ಹಾಕಿ. ಸರಿಯಾಗುತ್ತದೆ. ಕಚ ಕೂಡ ತ² + ಕ²ಚ² = 0 ಎಂಬುದಕ್ಕೆ ಒಳಪಡುತ್ತದೆ. ದಾರಿ ಕಾಣಿಸಿತಲ್ವಾ? ಕಮ್ಯುಟೇಟಿವ್ ಅಲ್ಲದ ಕಡೆ ಇನ್ವೇರಿಯಂಟ್‌ಗಳ ಮೇಲೆ ನೇರವಾಗಿ ಕೈ ಹಾಕುವುದಿಲ್ಲ. ಸೆಂಟರ್‌ನಲ್ಲಿರುವ ಇನ್ವೇರಿಯಂಟ್‌ಗಳ ಮೂಲಕ ಹೋಗುತ್ತೇವೆ.

ಇಲ್ಲಿಯೇ ಪಾಲಿನಾಮಿಯಲ್ ಐಡೆಂಟಿಟಿ ಬರುವುದು. ಸೆಂಟರ್ ದೊಡ್ಡದಾಗಿ ಇದ್ದರೆ ಮಾತ್ರ ಈ ದಾರಿ ಉಂಟು. ಡಕ − ಕಡ = 1 ಎಂಬ ವೇಲ್ ಆಲ್ಜಿಬ್ರಾ ನೋಡಿ. ಕ್ಯಾರಕ್ಟರಿಸ್ಟಿಕ್ ಸೊನ್ನೆಯಲ್ಲಿ ಅದರ ಸೆಂಟರ್ ಬರೀ ಫೀಲ್ಡ್, ಅದಕ್ಕೆ ಯಾವ ಐಡೆಂಟಿಟಿಯೂ ಇಲ್ಲ. ಐಡೆಂಟಿಟಿ ಅಂದರೆ ಆಲ್ಜಿಬ್ರಾದ ಯಾವ ಅಂಶಗಳನ್ನು ತುಂಬಿದರೂ ಸೊನ್ನೆ ಕೊಡುವ, ಚರಗಳ ಕ್ರಮಕ್ಕೆ ಬೆಲೆ ಇರುವ ಪಾಲಿನಾಮಿಯಲ್. ಕಮ್ಯುಟೇಟಿವ್‌ಗೆ ಕಚ − ಚಕ. 2×2 ಮ್ಯಾಟ್ರಿಕ್ಸ್‌ಗಳಿಗೆ ಒಂದು ಚಂದದ್ದು ಉಂಟು: ಕಚ − ಚಕ ಎಂಬುದರ ಟ್ರೇಸ್ ಸೊನ್ನೆ, ಹಾಗಾಗಿ ಕೇಲಿ–ಹ್ಯಾಮಿಲ್ಟನ್ ಪ್ರಕಾರ ಅದರ ವರ್ಗ ಸ್ಕೇಲರ್, ಹಾಗಾಗಿ ಆ ವರ್ಗ ಯಾವ ಮೂರನೇ ಮ್ಯಾಟ್ರಿಕ್ಸ್ ಜತೆಗೂ ಕಮ್ಯೂಟ್ ಆಗುತ್ತದೆ. ಸ್ವಲ್ಪ ನಿಂತು ನೋಡಿ, ಇಲ್ಲಿ ಐಡೆಂಟಿಟಿ ಸೆಂಟರ್‌ನ ಅಂಶವನ್ನೇ ಕೈಗೆ ಕೊಡುತ್ತಿದೆ. ಎಲ್ಲ ಸೈಜಿನ ಮ್ಯಾಟ್ರಿಕ್ಸ್‌ಗೂ ಇಂಥ ಸೆಂಟ್ರಲ್ ಪಾಲಿನಾಮಿಯಲ್ ಇವೆ ಎಂದು 1972ರಲ್ಲಿ ಫೊರ್ಮನೆಕ್, 1973ರಲ್ಲಿ ರಜ್ಮಿಸ್ಲೋವ್ ತೋರಿಸಿದರು. ಅದರ ಬೆನ್ನಿಗೇ 1973ರಲ್ಲಿ ರೋವನ್ ಹೇಳಿದ್ದು: ಐಡೆಂಟಿಟಿ ಇರುವ ಸೆಮಿಪ್ರೈಮ್ (ಸೊನ್ನೆ ಬಿಟ್ಟು ಬೇರೆ ನಿಲ್ಪೊಟೆಂಟ್ ಐಡಿಯಲ್ ಇಲ್ಲದ) ಆಲ್ಜಿಬ್ರಾದಲ್ಲಿ ಸೊನ್ನೆಯಲ್ಲದ ಯಾವ ಐಡಿಯಲ್ ತೆಗೆದುಕೊಂಡರೂ ಅದರೊಳಗೆ ಸೆಂಟರ್‌ನ ಸೊನ್ನೆಯಲ್ಲದ ಅಂಶ ಸಿಗುತ್ತದೆ. ನಿಮ್ಮ ಎರಡನೇ ಪ್ರಶ್ನೆಗೆ ಇದೇ ಉತ್ತರ.

ಇಷ್ಟಕ್ಕೇ ಕೆಲಸ ಮುಗಿದರೆ ಎಷ್ಟು ಸುಲಭ ಇತ್ತು! ಗ್ರೂಪ್ ಆದರೆ ಸೆಂಟರ್ ಅನ್ನು ಸೆಂಟರ್‌ಗೇ ಒಯ್ಯುತ್ತದೆ, ಡೆರಿವೇಷನ್ ಕೂಡ ಹಾಗೆಯೇ. ಹೋಪ್ಫ್ ಆಲ್ಜಿಬ್ರಾ ಸೆಂಟರ್ ಅನ್ನು ಒಡೆದು ಹಾಕಬಹುದು. ಮೂರು ವಸ್ತುಗಳ ಪರ್ಮ್ಯುಟೇಷನ್‌ಗಳ ಗ್ರೂಪ್ ಗೊತ್ತಲ್ಲ, ಆರು ಸದಸ್ಯರದ್ದು. ಅದರ ಗ್ರೂಪ್ ಆಲ್ಜಿಬ್ರಾವನ್ನು ಅದೇ ಗ್ರೂಪ್‌ನಿಂದ ಗ್ರೇಡ್ ಮಾಡಿ: ಪ್ರತಿ ಸದಸ್ಯನೂ ತನ್ನದೇ ಭಾಗದಲ್ಲಿ. (12) + (13) + (23) ಎಂಬ ಮೊತ್ತ ಸೆಂಟರ್‌ನಲ್ಲಿದೆ. ಗ್ರೇಡಿಂಗ್‌ನ ಆಪರೇಟರ್ ಅದರಿಂದ (12) ಒಂದನ್ನೇ ಹೆಕ್ಕಿ ತೆಗೆಯುತ್ತದೆ. (12) ಸೆಂಟರ್‌ನಲ್ಲಿ ಇಲ್ಲ. ಆದ್ದರಿಂದ "ಮೊದಲು ಸೆಂಟರ್‌ಗೆ ಇಳಿ, ಅಲ್ಲಿ ಕಮ್ಯುಟೇಟಿವ್ ಪ್ರಮೇಯ ಹಚ್ಚು" ಎಂಬ ನೇರ ದಾರಿ ಮುಚ್ಚಿಹೋಗುತ್ತದೆ. ನಿಮ್ಮ ವಿಷಯದ ನಿಜವಾದ ಕಷ್ಟ ಇದು. ವೈವಾದಲ್ಲಿ ಯಾರಾದರೂ "ಗ್ರೂಪ್‌ಗೆ ಗೊತ್ತಿದ್ದನ್ನೇ ಮತ್ತೆ ಬರೆದಿದ್ದೀರಾ" ಅಂದರೆ ಈ ಆರು ಸದಸ್ಯರ ಉದಾಹರಣೆಯನ್ನು ಬೋರ್ಡ್ ಮೇಲೆ ಬರೆಯಿರಿ.

ಸೆಂಟರ್ ನಿಲ್ಲದಿದ್ದರೂ ಸೆಂಟರ್‌ನೊಳಗಿನ ಇನ್ವೇರಿಯಂಟ್‌ಗಳು ಸಾಕಷ್ಟು ಉಳಿಯುತ್ತವೆ ಎಂದು 2010ರ ದಶಕದಲ್ಲಿ ಎಟಿಂಗೋಫ್ ತೋರಿಸಿದರು. ಷರತ್ತುಗಳನ್ನು ಸರಳವಾಗಿ ಹೇಳುತ್ತೇನೆ. ಸೆಂಟರ್ ಒಂದು ಇಂಟೆಗ್ರಲಿ ಕ್ಲೋಸ್ಡ್ ಡೊಮೇನ್. ಆಲ್ಜಿಬ್ರಾ ಅದರ ಮೇಲೆ ಫೈನೈಟ್ಲಿ ಜನರೇಟೆಡ್, ಟಾರ್ಷನ್ ಇಲ್ಲ. ಭಿನ್ನರಾಶಿಗಳನ್ನು ಸೇರಿಸಿದಾಗ ಅದು ಸೆಂಟ್ರಲ್ ಸಿಂಪಲ್. ಹೀಗಿದ್ದರೆ ಇಡೀ ಆಲ್ಜಿಬ್ರಾ ಸೆಂಟರ್‌ನೊಳಗಿನ ಇನ್ವೇರಿಯಂಟ್‌ಗಳ ಮೇಲೆ ಇಂಟೆಗ್ರಲ್. ಕಜಾನ್‌ನವರೇ ಆದ ಯೆರ್ಯಾಶ್ಕಿನ್ ಅವರೂ ಇದೇ ದಿಕ್ಕಿನಲ್ಲಿ ಕೆಲಸ ಮಾಡಿದ್ದಾರೆ. ಅವರು ಆಲ್ಜಿಬ್ರಾದ ಭಿನ್ನರಾಶಿಗಳ ರಿಂಗ್ ಅನ್ನು ಹಿಡಿದು ಹೊರಡುತ್ತಾರೆ. ಎಲ್ಲ ಕಡೆಯೂ ಮುಖ್ಯ ಸಂಗತಿ ಒಂದೇ: ಮ–ನ ಉದಾಹರಣೆಯ ನ-ದಂಥ ನಿಲ್ಪೊಟೆಂಟ್‌ಗಳಿಗೆ ತಲೆ ಎತ್ತಲು ಬಿಡಬಾರದು. ಪ್ರಮೇಯದಲ್ಲಿ "ಸೆಮಿಪ್ರೈಮ್", "ಪ್ರೊಜೆಕ್ಟಿವ್", "ಸೆಂಟ್ರಲ್ ಸಿಂಪಲ್" ಅಂತ ಕಂಡ ಕಡೆಯೆಲ್ಲ ಈ ಉದಾಹರಣೆಯನ್ನು ಪಕ್ಕಕ್ಕೆ ಇಟ್ಟುಕೊಂಡು ಓದಿ.

ಉಲ್ಟಾ ಪ್ರಶ್ನೆಯೂ ಉಂಟು: ಇನ್ವೇರಿಯಂಟ್‌ಗಳಿಗೆ ಐಡೆಂಟಿಟಿ ಇದ್ದರೆ ಇಡೀ ಆಲ್ಜಿಬ್ರಾಕ್ಕೆ ಇರುತ್ತದಾ? ಕ್ಯಾರಕ್ಟರಿಸ್ಟಿಕ್ ಸೊನ್ನೆಯಲ್ಲಿ ಫೈನೈಟ್ ಗ್ರೂಪ್‌ಗೆ ಹೌದು, ಇದು 1974ರಲ್ಲಿ ಖಾರ್ಚೆಂಕೊ ತೋರಿಸಿದ್ದು. ಫೈನೈಟ್ ಗ್ರೂಪ್‌ನ ಗ್ರೇಡಿಂಗ್‌ಗೂ ಹೌದು, ಅದು 1986ರಲ್ಲಿ ಬರ್ಗನ್ ಮತ್ತು ಕೋಹೆನ್ ಅವರದು. ಅದು ಬೇರೆಯೇ ದಾರಿ. ಒಂದೇ ಪ್ರಾಜೆಕ್ಟ್‌ನಲ್ಲಿ ಎರಡನ್ನೂ ತುಂಬಲು ಹೋಗಬೇಡಿ.

ಎಲ್ಲಿಂದ ಶುರು ಮಾಡುವುದು? ಪೇಪರ್ ಓದುವ ಮೊದಲು ಒಂದು ಲೆಕ್ಕ ಮಾಡಿ. 2×2 ಮ್ಯಾಟ್ರಿಕ್ಸ್‌ಗಳನ್ನು ತೆಗೆದುಕೊಳ್ಳಿ, ಒಳಗಿನ ಎಂಟ್ರಿಗಳು ಮ-ದ ಪಾಲಿನಾಮಿಯಲ್‌ಗಳು. ಗ ಎಂಬುದು ಡಯಾಗನಲ್ ಅನ್ನು ಹಾಗೇ ಬಿಟ್ಟು ಉಳಿದ ಎರಡು ಎಂಟ್ರಿಗಳ ಚಿಹ್ನೆ ಬದಲಿಸಲಿ. ಮೇಲಿನ ಬಲ ಮೂಲೆಯಲ್ಲಿ 1, ಉಳಿದೆಡೆ 0 ಇರುವ ಮ್ಯಾಟ್ರಿಕ್ಸ್‌ಗೆ ಬ ಎಂದು ಹೆಸರಿಡಿ. ಸ(ಕ) = ಬಕ − ಗ(ಕ)ಬ ಎಂದು ಆಡಿಸಿ. ಸ² = 0, ಗಸ = −ಸಗ, ಓರೆ ಡೆರಿವೇಷನ್ ನಿಯಮ ಮೂರನ್ನೂ ಪರೀಕ್ಷಿಸಿ. ಆಮೇಲೆ ಇನ್ವೇರಿಯಂಟ್ ಹುಡುಕಿ. ಗ-ಯಿಂದಾಗಿ ಡಯಾಗನಲ್ ಮ್ಯಾಟ್ರಿಕ್ಸ್‌ಗಳು ಮಾತ್ರ ಉಳಿಯುತ್ತವೆ. ಸ-ದಿಂದಾಗಿ ಅವುಗಳ ಎರಡು ಎಂಟ್ರಿಗಳೂ ಒಂದೇ ಆಗಬೇಕಾಗುತ್ತದೆ. ಸಿಗುವುದು ಮ-ದ ಪಾಲಿನಾಮಿಯಲ್‌ಗಳ ಸ್ಕೇಲರ್ ಮ್ಯಾಟ್ರಿಕ್ಸ್‌ಗಳು, ಅಂದರೆ ಸರಿಯಾಗಿ ಸೆಂಟರ್ ಅಷ್ಟೇ. ಕೇಲಿ–ಹ್ಯಾಮಿಲ್ಟನ್ ಇರುವುದರಿಂದ ಪ್ರತಿ ಮ್ಯಾಟ್ರಿಕ್ಸೂ ಅದರ ಮೇಲೆ ಇಂಟೆಗ್ರಲ್. ಮೊದಲ ಉದಾಹರಣೆಯಲ್ಲಿ ಸ ಮತ್ತು ನಿಲ್ಪೊಟೆಂಟ್ ನ ಸೇರಿ ಮ-ವನ್ನು ಕಳೆದುಹಾಕಿದ್ದವು. ಇಲ್ಲಿಯೂ ಸ ಉಂಟು, ಬ² = 0 ಆಗಿರುವ ಬ ಕೂಡ ಉಂಟು, ಆದರೂ ಮ ಉಳಿದುಕೊಂಡಿತು. ಯಾಕೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಗೈಡ್‌ಗೆ ತೋರಿಸಿ. ಪ್ರಾಜೆಕ್ಟ್‌ನ ಮೊದಲ ಅಧ್ಯಾಯಕ್ಕೆ ಅದು ಸಾಕು.